ಶೂನ್ಯಸಂಪಾದನೆಯೂ ಯಂತ್ರದ ಗುಮಾಸ್ತನೂ

ನಾನು ಸರಕಾರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು ಒಂದು ಮಾತು ಹೇಳುತ್ತಿದ್ದರು: "ಕಾಗದ ಕಳೆದುಹೋದರೆ ಹುಡುಕಬಹುದು; ತಪ್ಪು ಫೈಲಿಗೆ ಸೇರಿಹೋದರೆ ದೇವರೇ ಗತಿ." ಆಗ ನನಗೆ ಅದು ತಮಾಷೆಯ ಮಾತಾಗಿ ಕಂಡಿತ್ತು. ಕಳೆದುಹೋದ ಕಾಗದ ತಾನು ಇಲ್ಲವೆಂದು ತಾನೇ ಸಾರಿಕೊಳ್ಳುತ್ತದೆ. ತಪ್ಪು ಫೈಲಿಗೆ ಸೇರಿದ ಕಾಗದವಾದರೋ ಅಲ್ಲಿ ಸಾಧುವಿನಂತೆ ಕುಳಿತು ಸುಳ್ಳು ಸಾಕ್ಷಿ ನುಡಿಯುತ್ತಿರುತ್ತದೆ. ಇದು ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಅದನ್ನು ಅರ್ಥಮಾಡಿಸಿದ್ದು ಫೈಲೂ ಅಲ್ಲ, ಕಾಗದವೂ ಅಲ್ಲ. ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸಮಾಡುವ ನನ್ನ ಅಣ್ಣನ ಮಗ.

ನಾನೇನೂ ಸಾಹಿತ್ಯದ ವಿದ್ವಾಂಸನಲ್ಲ. ಬಿ.ಎಸ್‌ಸಿ. ಓದಿ ಕೇಂದ್ರ ಸರಕಾರದಲ್ಲಿ ಗುಮಾಸ್ತನಾದವನು. ಬೆಳಿಗ್ಗೆ ರೋಹಿಣಿಯಲ್ಲಿ ಮೆಟ್ರೋ ಹತ್ತಿ, ಕಾಶ್ಮೀರಿ ಗೇಟಿನಲ್ಲಿ ಗಾಡಿ ಬದಲಾಯಿಸಿ, ಕೇಂದ್ರ ಸಚಿವಾಲಯದಲ್ಲಿ ಇಳಿಯುವವನು. ಆ ಮುಕ್ಕಾಲು ಗಂಟೆಯ ಪ್ರಯಾಣದಲ್ಲಿ ಕೂರಲು ಜಾಗ ಸಿಕ್ಕಿದ ದಿನ ಏನಾದರೂ ಓದುತ್ತೇನೆ. ಕಳೆದ ಚಳಿಗಾಲದಲ್ಲಿ ಹೀಗೆ ಓದಿದ್ದು ಶೂನ್ಯಸಂಪಾದನೆಯ ವಿಷಯ. ಅಣ್ಣನ ಮಗ ಹೇಳಿದ ಸಂಗತಿಯೂ ನಾನು ಓದುತ್ತಿದ್ದುದೂ ಒಂದೇ ಭಾನುವಾರ ಒಂದಕ್ಕೊಂದು ಸೇರಿಕೊಂಡವು. ಈ ಲೇಖನಕ್ಕೆ ಅದೇ ಕಾರಣ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಹುಡುಗ ಹೇಳಿದ್ದು ಇಷ್ಟು. ಅವನ ಕಂಪನಿಯಲ್ಲಿ ಯಾರೂ ಯಾರ ಮೇಜಿನ ಬಳಿಗೂ ಹೋಗಿ ಮಾತನಾಡುವುದಿಲ್ಲ. ಎಲ್ಲ ಮಾತೂ ಕಂಪ್ಯೂಟರಿನ ಗ್ರೂಪ್ ಚಾಟಿನಲ್ಲಿ. ದಿನಕ್ಕೆ ನೂರಾರು ಮೆಸೇಜು. ಒಬ್ಬ ಕೆಲಸದ ಪ್ರಶ್ನೆ ಕೇಳುತ್ತಾನೆ. ನಡುವೆ ಇನ್ನೊಬ್ಬ ರಜೆಯ ಮಾತು ತೆಗೆಯುತ್ತಾನೆ. ಮೂರನೆಯವನು ಮೊದಲನೆಯವನಿಗೆ ಉತ್ತರ ಬರೆಯುವಷ್ಟರಲ್ಲಿ ನಾಲ್ಕನೆಯವನು ಹುಟ್ಟುಹಬ್ಬದ ಶುಭಾಶಯ ಕೋರುತ್ತಾನೆ. ನಮ್ಮ ಸಂಘದ ವಾಟ್ಸಾಪ್ ಗ್ರೂಪನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವಾರ ಕಳೆದರೆ ಯಾವ ಉತ್ತರ ಯಾವ ಪ್ರಶ್ನೆಗೆ ಎಂದು ಬ್ರಹ್ಮನಿಗೂ ತಿಳಿಯದು.

ಈ ಗೋಜಲನ್ನು ಬಿಡಿಸಲು ಈಗ ಒಂದು ಉಪಕರಣ ಬಂದಿದೆ. ಕೃತಕ ಬುದ್ಧಿಮತ್ತೆಯ ಏಜೆಂಟ್ ಎನ್ನುತ್ತಾರೆ. ಏಜೆಂಟ್ ಎಂದರೆ ವಿಮಾ ಏಜೆಂಟನಲ್ಲ. ಹೇಳಿದ ಕೆಲಸವನ್ನು ಹಂತಹಂತವಾಗಿ ತಾನೇ ಮಾಡಿಕೊಂಡು ಹೋಗುವ ಕಂಪ್ಯೂಟರ್ ಕಾರ್ಯಕ್ರಮ. ಚಾಟಿನ ಪ್ರತಿಯೊಂದು ಮೆಸೇಜಿಗೂ ಒಂದು ಸಂಖ್ಯೆ, ಬರೆದವರ ಹೆಸರು, ಗಳಿಗೆ, ಸೇರಿದ ವಿಷಯ ಎಂದು ನಾಲ್ಕು ಗುರುತು ಇರುತ್ತವೆ. ಏಜೆಂಟಿನ ಕೈಗೆ ಕೆಲವು ಸಲಕರಣೆ ಕೊಡುತ್ತಾರೆ: ಮೆಸೇಜುಗಳನ್ನು ಓದುವುದು, ಹುಡುಕುವುದು, ಒಂದು ವಿಷಯದಿಂದ ಇನ್ನೊಂದಕ್ಕೆ ಸಾಗಿಸುವುದು, ವಿಷಯದ ಹೆಸರು ತಿದ್ದುವುದು, ಎರಡು ವಿಷಯಗಳನ್ನು ಕೂಡಿಸುವುದು. ಇಂಥ ಸಲಕರಣೆಗಳನ್ನು ಏಜೆಂಟಿಗೆ ಜೋಡಿಸಲು ಒಂದು ಸಾಮಾನ್ಯ ಕಟ್ಟಳೆಯನ್ನೇ 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಎಂಬ ಸಂಸ್ಥೆ ಪ್ರಕಟಿಸಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಯಂತ್ರ ಕುಳಿತು ಮಾತುಗಳನ್ನು ವಿಂಗಡಿಸುತ್ತದೆ. ಬೆಳಿಗ್ಗೆ ನೋಡಿದರೆ ಸಂತೆಯಂತಿದ್ದದ್ದು ರೆಕಾರ್ಡ್ ರೂಮಿನಂತೆ ಆಗಿರುತ್ತದೆ.

"ಒಳ್ಳೆಯದೇ ಆಯಿತಲ್ಲಪ್ಪ" ಎಂದೆ. "ನಮಗೂ ಒಬ್ಬ ಅಂಥ ಗುಮಾಸ್ತ ಸಿಕ್ಕಿದ್ದರೆ!"

"ಪೂರ್ತಿ ಕೇಳಿ, ಚಿಕ್ಕಪ್ಪ" ಎಂದು ಅವನು ಮುಂದಿನ ಕಥೆ ಹೇಳಿದ. ಅವನ ತಂಡದಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗಿ ಇದ್ದಾಳೆ. ಒಂದು ದಿನ ಚಾಟಿನಲ್ಲಿ ಎರಡು ಮಾತು ಒಟ್ಟಿಗೆ ನಡೆದಿತ್ತು. ಹಣ ಪಾವತಿಯ ಪ್ರೋಗ್ರಾಮನ್ನು ಆ ರಾತ್ರಿಯೇ ಬದಲಾಯಿಸಬೇಕೇ ಎಂಬುದು ಒಂದು. ಮಧ್ಯಾಹ್ನದ ಊಟ ಎಲ್ಲಿಂದ ತರಿಸಬೇಕು ಎಂಬುದು ಇನ್ನೊಂದು. ಹುಡುಗಿ ಊಟದ ಮಾತಿಗೆ "ನನ್ನದೇನೂ ಅಭ್ಯಂತರವಿಲ್ಲ" ಎಂದು ಬರೆದಳು. ರಾತ್ರಿ ಏಜೆಂಟ್ ಬಂದು ಆ ಸಾಲನ್ನು ಒಯ್ದು ಪ್ರೋಗ್ರಾಮಿನ ಮಾತಿನ ಕೆಳಗೆ ಇಟ್ಟಿತು. ಎರಡು ವಾರದ ನಂತರ ಪ್ರೋಗ್ರಾಮ್ ಕೆಟ್ಟಿತು. ಯಾರು ಒಪ್ಪಿಗೆ ಕೊಟ್ಟಿದ್ದು ಎಂದು ಮೇಲಿನವರು ಹುಡುಕಿದರೆ ಅಲ್ಲಿ ಅವಳ ಹೆಸರು, ಅವಳ ಮಾತು, ಅಕ್ಷರವೂ ಬದಲಾಗದೆ! ಸಾಗಿಸಿದಾಗ 'ಇದನ್ನು ಇಲ್ಲಿಂದ ಅಲ್ಲಿಗೆ ಸಾಗಿಸಿದೆ' ಎಂದು ಒಂದು ಸೂಚನೆ ಬಿಡುವ ಏರ್ಪಾಡು ಇತ್ತಂತೆ. ಸುಮ್ಮನೆ ಗಲಾಟೆ ಎಂದು ಯಾರೋ ಅದನ್ನು ನಿಲ್ಲಿಸಿಬಿಟ್ಟಿದ್ದರು. ಹುಡುಗಿಯಿಂದ ಜವಾಬು ಕೇಳಿದರು. ಅವಳಿನ್ನೂ ಕೆಲಸದಲ್ಲಿ ಖಾಯಂ ಆಗಿರಲಿಲ್ಲ. ತಾನು ಹಾಗೆ ಬರೆದದ್ದು ಅವಳಿಗೂ ನೆನಪಿತ್ತು; ಯಾವುದಕ್ಕೆ ಬರೆದೆ ಎಂಬುದು ಮಾತ್ರ ಮರೆತುಹೋಗಿತ್ತು. ಅತ್ತುಕೊಂಡು ತಪ್ಪೊಪ್ಪಿಗೆ ಬರೆಯಲು ಕುಳಿತಿದ್ದಳಂತೆ.

ಮಾತು ಅವಳದೇ, ಹೆಸರು ಅವಳದೇ, ಅರ್ಥ ಮಾತ್ರ ಅವಳದಲ್ಲ. ಇದನ್ನು ಕೇಳಿದಾಗ ನನಗೆ ನಮ್ಮ ಹಿರಿಯರ ಮಾತೂ ನೆನಪಾಯಿತು, ಆ ವಾರ ಓದುತ್ತಿದ್ದ ಪುಸ್ತಕವೂ ನೆನಪಾಯಿತು. ಏಕೆಂದರೆ ಚೆದುರಿದ ಮಾತುಗಳನ್ನು ಸಂಭಾಷಣೆಯಾಗಿ ಜೋಡಿಸುವ ಈ ಕೆಲಸ ಹೊಸದಲ್ಲ. ಕನ್ನಡದಲ್ಲಿ ಅದು ಸುಮಾರು ಆರುನೂರು ವರ್ಷ ಹಿಂದೆಯೇ, ಯಾವ ಯಂತ್ರಕ್ಕೂ ನಿಲುಕದ ಎತ್ತರದಲ್ಲಿ, ಒಮ್ಮೆ ನಡೆದುಹೋಗಿದೆ.

ಬಿಡಿ ಮಾತುಗಳ ರಾಶಿ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ನುಡಿದ ವಚನಗಳು ಬಿಡಿ ಮಾತುಗಳು. ಕಾವ್ಯದಂತೆ ಅದಕ್ಕೆ ಆಶ್ವಾಸಗಳಿಲ್ಲ, ಕಥೆಯ ಎಳೆಯಿಲ್ಲ, ತಾರೀಖಿಲ್ಲ. ಯಾರನ್ನು ಕುರಿತು ಹೇಳಿದ್ದು ಎಂಬುದು ಕೆಲವಲ್ಲಿ ತಿಳಿಯುತ್ತದೆ, ಅನೇಕದರಲ್ಲಿ ತಿಳಿಯುವುದಿಲ್ಲ. ಇರುವ ಗಟ್ಟಿ ಗುರುತೆಂದರೆ ಅಂಕಿತ ಒಂದೇ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ, ಕಪಿಲಸಿದ್ಧಮಲ್ಲಿಕಾರ್ಜುನ ಎಂದಿದ್ದರೆ ಸೊನ್ನಲಿಗೆಯ ಸಿದ್ಧರಾಮ. ಚಾಟಿನ ಮೆಸೇಜಿಗೆ ಇರುವ ನಾಲ್ಕು ಗುರುತಿನಲ್ಲಿ ಇಲ್ಲಿ ಉಳಿದಿರುವುದು ಒಂದು ಮಾತ್ರ.

1167-68ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾಗಿ, ಬಿಜ್ಜಳನ ಕೊಲೆಯಾಗಿ, ಶರಣರು ದಿಕ್ಕುಪಾಲಾದರು. ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ಹೋದರೆಂಬ ಪ್ರತೀತಿ ಇದೆ. ಅದು ಹೇಗೇ ಇರಲಿ, ಮಾತುಗಳು ಉಳಿದವು. ಆದರೆ ಆಡಿದ ಸಂದರ್ಭ ಉಳಿಯಲಿಲ್ಲ.

ವಿಜಯನಗರದಲ್ಲಿ ಇಮ್ಮಡಿ ದೇವರಾಯ, ಅಂದರೆ ಪ್ರೌಢದೇವರಾಯ, 1424ರಿಂದ 1446ರವರೆಗೆ ಆಳಿದ. ಅವನ ಕಾಲಕ್ಕೆ ವೀರಶೈವ ಸಾಹಿತ್ಯದಲ್ಲಿ ಒಂದು ಹೊಸ ಹುರುಪು ಬಂತು. ಮಂತ್ರಿಗಳಾದ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರೇ ಲೇಖನಿ ಹಿಡಿದರು. ನೂರೊಂದು ವಿರಕ್ತರ ಕಾಲವೆಂದು ಅದನ್ನು ಕರೆಯುತ್ತಾರೆ. ಓಲೆಗರಿಯಲ್ಲಿ ಚೆದುರಿದ್ದ ವಚನಗಳನ್ನು ಹುಡುಕಿ, ನಕಲಿಸಿ, ಕಟ್ಟಿಡುವ ಕೆಲಸ ಭರದಿಂದ ಸಾಗಿತು. ಕಟ್ಟು ಎಂಬ ಮಾತನ್ನು ಗಮನಿಸಬೇಕು. ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿ ಕಟ್ಟುವುದು. ನಾವು ಫೈಲಿಗೆ ಟ್ಯಾಗ್ ಹಾಕುವಂತೆಯೇ.

ಆದರೆ ಯಾವ ಕ್ರಮದಲ್ಲಿ ಕಟ್ಟುವುದು? ಮೊದಲ ಹಾದಿ ಸ್ಥಲಕಟ್ಟು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಕೆಳಗೆ ವಚನಗಳನ್ನು ವಿಂಗಡಿಸುವುದು. ಇದು ವಿಷಯವಾರು ಜೋಡಣೆ. ಸಾಧಕನಿಗೆ ಅನುಕೂಲ, ತನ್ನ ಮೆಟ್ಟಿಲಿಗೆ ಬೇಕಾದ ಮಾತು ಕೈಗೆ ಸಿಗುತ್ತದೆ. ಆದರೆ ಬಸವಣ್ಣನವರು ಈ ವಚನವನ್ನು ಮಹೇಶಸ್ಥಲಕ್ಕೆಂದೇ ಹೇಳಿದರೆ? ಅವರು ಮನಸ್ಸು ಕಲಕಿದಾಗ ಹೇಳಿದರು. ಸ್ಥಲ ಗೊತ್ತುಮಾಡಿದವರು ಕಟ್ಟಿದವರು.

ಎರಡನೆಯ ಹಾದಿ ಹಿಡಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಹದಿನೈದನೆಯ ಶತಮಾನದ ಈ ಮಹಾನುಭಾವನಿಗೆ ಹೊಳೆದದ್ದು ಬೇರೆಯೇ. ಈ ವಚನ ಆ ವಚನಕ್ಕೆ ಉತ್ತರವೆಂಬಂತಿದೆಯಲ್ಲ! ಬಸವಣ್ಣ ಹೀಗೆಂದರೆ ಪ್ರಭು ಹೀಗೆನ್ನುತ್ತಾನೆ. ಪ್ರಭುವಿನ ಈ ಕಠೋರ ಪ್ರಶ್ನೆಗೆ ಅಕ್ಕನ ಈ ಮಾತು ಸರಿಯಾಗಿ ಹೊಂದುತ್ತದೆ. ಹೀಗೆ ಸಾವಿರಕ್ಕೂ ಮೇಲ್ಪಟ್ಟು ವಚನಗಳನ್ನು ಆಯ್ದು, ನಡುನಡುವೆ 'ಇಂಥವರು ಹೀಗೆ ನುಡಿಯಲು ಇಂಥವರು ಹೀಗೆಂದರು' ಎಂಬ ಧಾಟಿಯ ತನ್ನ ಗದ್ಯವನ್ನು ಬೆಸುಗೆ ಹಾಕಿ, ಅನುಭವಮಂಟಪದ ಮಹಾಸಂವಾದವನ್ನೇ ನಮ್ಮ ಕಣ್ಣ ಮುಂದೆ ನಿಲ್ಲಿಸಿದ. ಅದೇ ಶೂನ್ಯಸಂಪಾದನೆ. ನಡುವಿನ ಪೀಠದಲ್ಲಿ ಅಲ್ಲಮಪ್ರಭು. ಸುತ್ತ ಒಬ್ಬೊಬ್ಬರಾಗಿ ಬಂದು ಮಾತಿನಲ್ಲಿ ಸೋತು ಅರಿವಿನಲ್ಲಿ ಗೆಲ್ಲುವ ಶರಣರು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದು ಪ್ರಭುವಿನ ಪರೀಕ್ಷೆಯನ್ನು ಎದುರಿಸುವ ಪ್ರಸಂಗವನ್ನು ಕೇಳದ ಕನ್ನಡಿಗರು ಯಾರಿದ್ದಾರೆ? ನಾಟಕಗಳಲ್ಲಿ, ಹರಿಕಥೆಗಳಲ್ಲಿ, ಶಾಲೆಯ ಪಾಠಗಳಲ್ಲಿ ನಾವು ಕಂಡ ಅನುಭವಮಂಟಪದ ಚಿತ್ರಕ್ಕೆ ಬಹುಮಟ್ಟಿಗೆ ಈ ಜೋಡಣೆಯೇ ತಾಯಿ.

ಒಂದು 'ಹೌದು' ಎಲ್ಲಿ ಕೂತಿತು?

ಮಹಾದೇವಯ್ಯನ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅವನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಅದನ್ನೇ ಎದುರಿಗಿಟ್ಟುಕೊಂಡು ತಿದ್ದಿದರು, ಬೆಳೆಸಿದರು. ಸಿದ್ಧವೀರಣ್ಣನ ಕೈಗೆ ಬರುವಷ್ಟರಲ್ಲಿ ಅದರಲ್ಲಿ ಸುಮಾರು ಒಂದೂವರೆ ಸಾವಿರ ವಚನಗಳಿದ್ದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ 1965ರಿಂದ ಮೊದಲುಮಾಡಿ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಈ ಕೊನೆಯ ರೂಪವನ್ನೇ.

ಈ ಬದಲಾವಣೆಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ ಕರ್ಮಯೋಗಿ. ಅವನು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನಿಂದ ಇಷ್ಟಲಿಂಗ ದೀಕ್ಷೆ ಪಡೆದನೇ? ಮಹಾದೇವಯ್ಯನ ಮೊದಲ ಶೂನ್ಯಸಂಪಾದನೆಯಲ್ಲಿ ದೀಕ್ಷೆಯ ಪ್ರಸಂಗವಿಲ್ಲ. ಹಲಗೆಯಾರ್ಯ ಅದೊಂದು ಕೊರತೆಯೆಂದು ಬಗೆದು, ದೀಕ್ಷೆಯ ಪ್ರಸಂಗವನ್ನು ಸೇರಿಸಿದ. ಮುಂದಿನವರು ಅದನ್ನು ಉಳಿಸಿಕೊಂಡರು. ಸಿದ್ಧರಾಮನ ಅಂಕಿತದ ವಚನಗಳೇ ಅಲ್ಲಿ ಸಾಕ್ಷಿಯಾಗಿ ನಿಂತವು. ದೀಕ್ಷೆಯಾಯಿತೋ ಇಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆದಿದೆ. ಅದರಲ್ಲಿ ತೀರ್ಪು ಕೊಡುವ ಯೋಗ್ಯತೆ ನನ್ನದಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಗುಮಾಸ್ತನ ಸಂಗತಿ: ಒಬ್ಬ ಮನುಷ್ಯ ಒಪ್ಪಿದನೇ ಇಲ್ಲವೇ ಎಂಬ ಅತಿ ದೊಡ್ಡ ಪ್ರಶ್ನೆ, ಅವನ ಮಾತನ್ನು ಯಾವ ಮಾತಿನ ಕೆಳಗೆ ಇಟ್ಟರು ಎಂಬುದರ ಮೇಲೆ ನಿಂತುಬಿಟ್ಟಿತು.

ಹಾಗೆಂದು ಆ ಸಂಕಲನಕಾರರನ್ನು ದೂರುವುದು ಕೃತಘ್ನತೆಯಾದೀತು. ಅವರು ಇತಿಹಾಸ ಬರೆಯಹೊರಟವರಲ್ಲ. ಅನುಭಾವದ ದಾರಿ ತೋರಿಸಹೊರಟವರು. ಅದಕ್ಕಿಂತ ಮುಖ್ಯವಾಗಿ, ಅವರು ತಮ್ಮ ಕೈಗುರುತನ್ನು ಮರೆಸಲಿಲ್ಲ. ವಚನ ಯಾವುದು, ತಮ್ಮ ಬೆಸುಗೆಯ ಗದ್ಯ ಯಾವುದು ಎಂಬುದು ಓದುವವನಿಗೆ ಕಾಣುತ್ತದೆ. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಅಳಿಸದೆ, ತನ್ನ ಹೆಸರಿನಲ್ಲಿ ಬೇರೆಯೇ ಕಟ್ಟಿದ. ಮೊದಲನೆಯ ಕಟ್ಟೂ ಉಳಿಯಿತು. ಉಳಿದದ್ದರಿಂದಲೇ ನಾವು ಇಂದು ಒಂದನ್ನೊಂದು ಪಕ್ಕದಲ್ಲಿಟ್ಟು, ಎಲ್ಲಿ ಏನು ಸೇರಿತು ಎಂದು ಕೇಳಬಲ್ಲೆವು.

ಬಿಚ್ಚಿ ಮತ್ತೆ ಕಟ್ಟಿದವರು

ಮುಂದೆ ಈ ಕಟ್ಟುಗಳು ಮಠಗಳ ಅಟ್ಟದಲ್ಲಿ, ಮನೆಗಳ ಜಗಲಿಯಲ್ಲಿ ಹುಳಹಿಡಿಯುತ್ತಿದ್ದ ಕಾಲಕ್ಕೆ ವಿಜಾಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (1880–1964) ಬಂದರು. ಊರೂರು ಅಲೆದು ಓಲೆಗರಿ ಕೂಡಿಹಾಕಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು. ಮುದ್ರಣಾಲಯ ನಡೆಸಲು ಮನೆಯನ್ನೇ ಮಾರಿದ ಮಹನೀಯರು ಅವರು. ವಚನಶಾಸ್ತ್ರಸಾರದಲ್ಲಿ ಅವರು ವಚನಗಳನ್ನು ಮತ್ತೆ ವಿಷಯವಾರಾಗಿಯೇ ಜೋಡಿಸಿದರು. ಹೊಸ ಓದುಗರಿಗೆ ಅದು ಅಗತ್ಯವಾಗಿತ್ತು.

ಕರ್ನಾಟಕ ಸರಕಾರ 1993ರಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವನ್ನು ಹೊರತಂದಾಗ ಮೂರನೆಯ ಕ್ರಮ ಹಿಡಿಯಿತು. ಪ್ರಧಾನ ಸಂಪಾದಕರು ಎಂ. ಎಂ. ಕಲಬುರ್ಗಿಯವರು. ಬಸವಣ್ಣನವರಿಗೆ ಮೊದಲ ಸಂಪುಟ, ಅಲ್ಲಮಪ್ರಭುವಿಗೆ ಎರಡನೆಯದು, ಚೆನ್ನಬಸವಣ್ಣನಿಗೆ ಮೂರನೆಯದು, ಸಿದ್ಧರಾಮನಿಗೆ ನಾಲ್ಕನೆಯದು, ಶಿವಶರಣೆಯರಿಗೆ ಐದನೆಯದು, ಹೀಗೆ. ಅಂದರೆ ಸಂವಾದವನ್ನು ಬಿಚ್ಚಿ, ಯಾರ ಮಾತನ್ನು ಅವರಿಗೆ ಹಿಂತಿರುಗಿಸಿದರು. ಪ್ರತಿ ವಚನಕ್ಕೂ ಒಂದು ಸಂಖ್ಯೆ ಬಂತು. ಈಗ 'ವಚನ ಸಂಚಯ' ಎಂಬ ಅಂತರ್ಜಾಲ ತಾಣದಲ್ಲಿ ಒಂದು ಪದವನ್ನು ಒತ್ತಿದರೆ, ಅದು ಬರುವ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಸಂವಾದ, ವಿಷಯ, ಕರ್ತೃ, ಪದ: ಅದೇ ಮಾತುಗಳಿಗೆ ನಾಲ್ಕು ಜೋಡಣೆ. ಯಾವುದೂ ಸುಳ್ಳಲ್ಲ, ಯಾವುದೊಂದೇ ಪೂರ್ತಿಯೂ ಅಲ್ಲ.

ಅಂಕಿತವೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಸರ್ವಜ್ಞನೇ ಸಾಕ್ಷಿ. ಮೂರು ಸಾಲು ಹೊಸೆದು ಕೊನೆಗೆ 'ಸರ್ವಜ್ಞ' ಎಂದು ಸೇರಿಸಿದರೆ ಯಾರ ಪದ್ಯವೂ ಸರ್ವಜ್ಞನದಾಗಬಹುದು. ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಆ ತ್ರಿಪದಿಗಳನ್ನೆಲ್ಲ ಹುಡುಕಿ, ತೂಗಿ, 1924ರಲ್ಲಿ ಪ್ರಕಟಿಸಲು ಪಟ್ಟ ಶ್ರಮ ಸಾಮಾನ್ಯವಲ್ಲ.

ಕಛೇರಿಯ ಧರ್ಮ

ನಮ್ಮ ಕಛೇರಿಗಳ ಕಡೆಗೆ ಬರೋಣ. ದಸ್ತಾವೇಜುಗಳನ್ನು ವಿಷಯವಾರು ಹೊಸದಾಗಿ ಜೋಡಿಸುವ ಉತ್ಸಾಹ ಫ್ರಾನ್ಸಿನವರಿಗೂ ಒಮ್ಮೆ ಬಂದಿತ್ತು. ಅಲ್ಲಿನ ಮಹಾಕ್ರಾಂತಿಯ ನಂತರ ಹಳೆಯ ಕಛೇರಿಗಳ ಕಾಗದಗಳನ್ನು ಕಲಸಿ, ವಿಷಯಗಳ ಕೆಳಗೆ ಹಂಚಿದರು. ಕಾಗದಗಳು ಉಳಿದವು, ಯಾವ ಕಛೇರಿ, ಯಾವ ವ್ಯವಹಾರದ ನಡುವೆ, ಯಾಕೆ ಬರೆಯಿತು ಎಂಬುದು ಹೋಯಿತು. ಪೆಟ್ಟು ತಿಂದು ಬುದ್ಧಿ ಕಲಿತು, ಒಂದು ಕಛೇರಿಯ ಕಾಗದವನ್ನು ಇನ್ನೊಂದರ ಜೊತೆ ಬೆರೆಸಕೂಡದೆಂದು 1841ರಲ್ಲಿ ಅಲ್ಲಿ ಸುತ್ತೋಲೆ ಹೊರಟಿತು. 1898ರಲ್ಲಿ ಹಾಲೆಂಡಿನ ಮೂವರು ಪತ್ರಾಗಾರದವರು ಒಂದು ಕೈಪಿಡಿ ಬರೆದು, ಕಾಗದಗಳು ಹುಟ್ಟಿದ ಕ್ರಮವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕೆಂದು ಸಾರಿದರು. 1891ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಈಗ ದೆಹಲಿಯ ಜನಪಥದಲ್ಲಿರುವ ನಮ್ಮ ರಾಷ್ಟ್ರೀಯ ಪತ್ರಾಗಾರದಂಥ ಸಂಸ್ಥೆಗಳಿಗೆಲ್ಲ ಇಂದು ಇದು ಪ್ರಥಮ ಪಾಠ.

ಗುಮಾಸ್ತರಾದ ನಮಗೂ ಒಂದು ನೀತಿಯಿದೆ. ಕೇಂದ್ರ ಸಚಿವಾಲಯದ ಕಾರ್ಯವಿಧಾನದ ಕೈಪಿಡಿಯಲ್ಲಿ ಅದು ಬರೆದೇ ಇದೆ: ಕೆಳಗಿನವನು ಒಮ್ಮೆ ಬರೆದು ಮಂಡಿಸಿದ ಟಿಪ್ಪಣಿಯನ್ನು ಮೇಲಧಿಕಾರಿ ತಿದ್ದಿಸಕೂಡದು, ಬದಲಾಯಿಸಕೂಡದು, ಭಿನ್ನಾಭಿಪ್ರಾಯವಿದ್ದರೆ ಕೆಳಗೆ ತನ್ನ ಟಿಪ್ಪಣಿ ಬರೆಯಬೇಕು. ಬರೆದದ್ದರ ಮೇಲೆ ಕಾಗದ ಅಂಟಿಸಿ ಮುಚ್ಚುವುದು ಸಲ್ಲದು. ಈಗಿನ ಇ-ಆಫೀಸಿನಲ್ಲೂ ಹಳದಿ ಟಿಪ್ಪಣಿಯನ್ನು ಎಷ್ಟು ಬೇಕಾದರೂ ತಿದ್ದಬಹುದು. ಅದು ಹಸಿರಾಯಿತೋ, ಮುಗಿಯಿತು. ಭಾಗ-ಫೈಲನ್ನು ಮೂಲ ಫೈಲಿಗೆ ಸೇರಿಸುವಾಗಲೂ ಸೇರಿಸಿದ ಗುರುತು ಇರಬೇಕು. ಜನ ಇದನ್ನು ಕೆಂಪುಪಟ್ಟಿ ಎಂದು ನಗುತ್ತಾರೆ. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಆದರೆ ಆ ಕಟ್ಟಳೆ ಇರುವುದು ದೊಡ್ಡವರ ರಕ್ಷಣೆಗಲ್ಲ. ಫೈಲಿನಲ್ಲಿ ಎಲ್ಲರಿಗಿಂತ ಕೆಳಗೆ, ಎಲ್ಲರಿಗಿಂತ ಮೊದಲು ಸಹಿ ಹಾಕುವ ಸಣ್ಣವನ ರಕ್ಷಣೆಗೆ.

ಇದನ್ನೆಲ್ಲ ನಾನು ಆ ಭಾನುವಾರ ಹುಡುಗನಿಗೆ ಹೇಳಿದೆ. "ನಿಮ್ಮ ಯಂತ್ರ ಮಾತುಗಳನ್ನು ಜೋಡಿಸಲಿ ಕಣೋ, ಬೇಡವೆನ್ನುವುದಿಲ್ಲ. ಮಹಾದೇವಯ್ಯ ಜೋಡಿಸದಿದ್ದರೆ ನಮಗೆ ಅನುಭವಮಂಟಪವೇ ಕಾಣುತ್ತಿರಲಿಲ್ಲ. ಆದರೆ ಅವನಂತೆ ತನ್ನ ಕೈಗುರುತು ಬಿಡಲಿ. ಮೂಲದ ಕ್ರಮ ಒಂದು ಕಡೆ ಹಾಗೇ ಇರಲಿ. ಎಲ್ಲಿಂದ ಎಲ್ಲಿಗೆ, ಯಾವಾಗ, ಯಾಕೆ ಸಾಗಿಸಿದೆ ಎಂದು ಬರೆಯಲಿ. ಇನ್ನೊಂದು: ಹೌದು, ಆಗಲಿ, ಒಪ್ಪಿದೆ ಇಂಥ ಮಾತುಗಳನ್ನು ಮುಟ್ಟುವ ಮುಂಚೆ ಆಡಿದವರನ್ನೇ ಒಂದು ಮಾತು ಕೇಳಲಿ. ಹನ್ನೆರಡನೆಯ ಶತಮಾನದ ಶರಣರನ್ನು ಹದಿನೈದನೆಯ ಶತಮಾನದವರು ಕೇಳುವಂತಿರಲಿಲ್ಲ. ನಿಮ್ಮ ಹುಡುಗಿ ಪಕ್ಕದ ಮೇಜಿನಲ್ಲೇ ಇದ್ದಾಳಲ್ಲ!"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಚಿಕ್ಕಪ್ಪ, ಚಾಟಿನ ಮೆಸೇಜೆಲ್ಲ ಬಂದಹಾಗೇ ನನ್ನ ಮಿಂಚಂಚೆಗೂ ಒಂದು ಪ್ರತಿ ಬರುತ್ತೆ. ನಾನು ಯಾವತ್ತೂ ತೆರೆದು ನೋಡಿಲ್ಲ" ಎಂದ. ಅಲ್ಲೇ ಕುಳಿತು ಹುಡುಕಿದ. ಯಂತ್ರದ ಕೈ ಅದನ್ನು ಮುಟ್ಟಿರಲಿಲ್ಲ. ಮಧ್ಯಾಹ್ನ ಹನ್ನೆರಡು ಗಂಟೆ ಚಿಲ್ಲರೆಗೆ ಯಾರೋ ದೋಸೆ ತರಿಸೋಣವೇ ಎಂದು ಕೇಳಿದ್ದರು. ಅದರ ಕೆಳಗೇ ಅವಳ ಉತ್ತರವಿತ್ತು.

ಸೋಮವಾರ ಆ ಪ್ರತಿಯನ್ನು ಮೇಲಿನವರ ಮುಂದಿಟ್ಟನಂತೆ. ಜವಾಬು ಕೇಳಿದ ಪತ್ರವನ್ನು ಹಿಂತೆಗೆದುಕೊಂಡರು. ಸಾಗಿಸಿದ ಸೂಚನೆ ಬಿಡುವ ಏರ್ಪಾಡನ್ನು ಮತ್ತೆ ಜಾರಿಗೆ ತಂದರು. ಏಜೆಂಟ್ ಈಗಲೂ ರಾತ್ರಿ ಬಂದು ಕೆಲಸಮಾಡುತ್ತಿದೆ. ಆ ಹುಡುಗಿ ಮಾತ್ರ ಅಂದಿನಿಂದ ಬರೀ 'ಅಭ್ಯಂತರವಿಲ್ಲ' ಎಂದು ಬರೆಯುವುದಿಲ್ಲವಂತೆ. 'ದೋಸೆಗೆ ನನ್ನ ಅಭ್ಯಂತರವಿಲ್ಲ' ಎಂದು ಪೂರ್ತಿ ಬರೆಯುತ್ತಾಳಂತೆ.

ಒಳ್ಳೆಯ ಗುಮಾಸ್ತಳಾಗುವ ಲಕ್ಷಣ.